ಬೆಳ್ಯಪ್ಪನವರ ಕೋವಿಯ ಹೂವು

ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ಕೋವಿ, ತೋಟಾ ಮಾರುವ ಅಂಗಡಿಯೊಂದಿತ್ತು. ಅಂಗಡಿಯವನು ಮೆಲುಮಾತಿನ ಮನುಷ್ಯ. ದೇವರ ಪಟಕ್ಕೆ ಕೈಮುಗಿಯದೆ ವ್ಯಾಪಾರಕ್ಕೆ ಕೂತವನಲ್ಲ.

ಕೈಲುಮುಹೂರ್ತದ ಹಬ್ಬದಲ್ಲಿ ಕೋವಿಯ ನಳಿಗೆಗೆ ಹೂವು ಸಿಕ್ಕಿಸಿ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಅಲ್ಲಿನ ಪದ್ಧತಿ. ಆ ವರ್ಷ ಹೊಸ ಬೀಗರ ಎದುರಿಗೇ ಬೆಳ್ಯಪ್ಪ ಸಾಹುಕಾರರ ಗುಂಡು ಕಾಯಿಯನ್ನು ಬಿಟ್ಟು ಆಕಾಶಕ್ಕೆ ಹೋಯಿತು. ಮರುದಿನ ಅವರು ಅಂಗಡಿಗೆ ನುಗ್ಗಿದರು.

“ನಿನ್ನ ತೋಟಾ ಕೆಟ್ಟದ್ದು ಅಂತ ಸಂತೆಯಲ್ಲಿ ನಿಂತು ಹೇಳು. ಇಲ್ಲದಿದ್ದರೆ ನಿನ್ನ ಲೈಸೆನ್ಸ್ ರದ್ದು ಮಾಡಿಸ್ತೇನೆ.”

ತೋಟಾ ಕೆಟ್ಟದ್ದೆಂದರೆ ಅಂಗಡಿ ಮುಚ್ಚಬೇಕು. ಒಳ್ಳೆಯದೆಂದರೆ ಸಾಹುಕಾರರ ಗುರಿ ಕೆಟ್ಟದ್ದೆಂದಾಗುತ್ತದೆ. ಅಂಗಡಿಯವನು ನಿಧಾನವಾಗಿ ಸ್ಟೂಲು ಒರೆಸಿ ಅವರನ್ನು ಕೂರಿಸಿದ.

“ಸಾಹುಕಾರ್ರೇ, ಪೂಜೆಯಲ್ಲಿ ನಳಿಗೆಯ ತುದಿಗೆ ಹೂವು ಸಿಕ್ಕಿಸಿದ್ರಲ್ಲ, ಹೊಡೆಯುವಾಗ ಅದನ್ನು ತೆಗೆದಿದ್ರಾ?”

“ಹೂವಾ? ನೆನಪಿಲ್ಲ.”

“ತೆಗೆದಿರಲಿಕ್ಕಿಲ್ಲ ಬಿಡಿ. ದೇವರಿಗೆ ಏರಿಸಿದ ಹೂವನ್ನು ಕಿತ್ತು ಬಿಸಾಡುವ ಮನಸ್ಸು ನಿಮಗೆಲ್ಲಿ ಬರ್ತದೆ? ಗುರಿಗೆ ಅದೇ ಅಡ್ಡ ಬಂದಿದೆ.”

ಸಾಹುಕಾರರು ಮೀಸೆ ಸವರಿದರು. “ಹೌದು ಮಾರಾಯ. ಇತ್ತು, ಇತ್ತು. ದೊಡ್ಡ ಹೂವೇ ಇತ್ತು.”

ಸಂಜೆಯೊಳಗೆ ಬೀಗರಿಗೂ ಊರಿಗೂ ಅವರ ಭಕ್ತಿಯ ಕತೆ ಮುಟ್ಟಿತು. ತೋಟಾದ ಮಾತನ್ನು ಯಾರೂ ಎತ್ತಲಿಲ್ಲ.

ಮರುವರ್ಷ ಹಬ್ಬಕ್ಕೆ ಸಾಹುಕಾರರು ಅದೇ ಅಂಗಡಿಯಲ್ಲಿ ತೋಟಾ ಕೊಂಡರು. ಮೆಟ್ಟಿಲಿಳಿದವರು ತಿರುಗಿ ಬಂದು, ತಗ್ಗಿದ ದನಿಯಲ್ಲಿ ಕೇಳಿದರು:

“ಬೀಗರು ಈ ಸಲವೂ ಬರ್ತಿದ್ದಾರೆ. ಎರಡು ಹೂವು ಸಿಕ್ಕಿಸಿದರೆ ತಪ್ಪಿಲ್ಲವಲ್ಲ?”