ಹುರುಳಿ ಹಾಸಿದ ದಾರಿ

"ಗುರುಗಳೇ, ಮಾಡಿದ ಕೆಲಸಕ್ಕೆ ಹೆಮ್ಮೆಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

"ಹೆಮ್ಮೆಯಿಲ್ಲದವನ ಕೈಯಲ್ಲಿ ನಾನು ಒಂದು ಮೊಳೆಯನ್ನೂ ಹೊಡೆಸುವುದಿಲ್ಲ. ಕೇಳಪ್ಪಾ," ಎಂದರು ಗುರುಗಳು.

ಒಬ್ಬ ಎಂಜಿನಿಯರ್ ಇದ್ದ. ಬಯಲುಸೀಮೆಯ ಒಂದೂರಿನಾಚೆ ಸೋಲಾರ್ ಪಾರ್ಕ್ ಏಳುತ್ತಿತ್ತು. ಅಲ್ಲಿಗೆ ಲಾರಿಗಳು ಹೋಗುವ ದಾರಿ ಗೊತ್ತುಮಾಡುವುದು ಅವನ ಕೆಲಸ. ಆಸಾಮಿ ಸಾಮಾನ್ಯನಲ್ಲ. ಒಂದೊಂದು ತಿರುವನ್ನೂ ತಾನೇ ಅಳೆದ. ಹಳೆಯ ಮೋರಿಯನ್ನು ಗಟ್ಟಿಮಾಡಿಸಿದ. ಶಾಲೆ ಬಿಡುವ ಹೊತ್ತಿಗೆ ಒಂದು ಲಾರಿಯೂ ಊರೊಳಗೆ ಬಾರದಂತೆ ವೇಳೆ ಗೊತ್ತುಮಾಡಿದ. "ಟ್ರಾನ್ಸ್‌ಫಾರ್ಮರ್ ಶುಕ್ರವಾರ ಸಂಜೆಯೊಳಗೆ ತಲುಪದಿದ್ದರೆ ನನ್ನನ್ನು ಮನೆಗೆ ಕಳಿಸಿ," ಎಂದು ಮೇಲಿನವರಿಗೆ ಎದೆತಟ್ಟಿ ಹೇಳಿದ.

ಆದರೆ ಅವನು ಅಳೆದದ್ದು ಆಷಾಢದಲ್ಲಿ. ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೈಲರ್ ಬಂದದ್ದು ಪುಷ್ಯದಲ್ಲಿ, ಒಕ್ಕಣೆಯ ಕಾಲಕ್ಕೆ. ಜನ ರಸ್ತೆಯುದ್ದಕ್ಕೂ ಹುರುಳಿ ಹಾಸಿದ್ದರು. ಬಸ್ಸು, ಬೈಕು ತುಳಿದು ಕಾಳು ಬಿಡಿಸುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಟ್ರೈಲರ್ ಅದರ ಮುಂದೆ ನಿಂತಿತು.

"ಹತ್ತಿಸಿಬಿಡಲಾ ಸಾರ್?" ಎಂದು ಡ್ರೈವರ್ ಜೊತೆಗಿದ್ದ ಎಂಜಿನಿಯರನ್ನು ಕೇಳಿದ.

ರೈತ ಹೆಂಗಸೊಬ್ಬಳು ಎದುರು ಬಂದಳು. "ಬಸ್ಸು ಹೋದರೆ ಕಾಳಾಗುತ್ತದಪ್ಪಾ, ನಿನ್ನ ಈ ಬೆಟ್ಟ ಹೋದರೆ ನುಚ್ಚಾಗುತ್ತದೆ. ಇದರ ಹಿಂದೆ ದಿನಾ ಲಾರಿ ಬರುತ್ತವಂತೆ. ಎತ್ತಿ ಬೇರೆ ಕಡೆ ಹಾಕೋಣವೆಂದರೆ ನಮ್ಮ ಕಣಗಳೆಲ್ಲ ನಿಮ್ಮ ಪಾರ್ಕಿನ ಬೇಲಿಯೊಳಗಿವೆ!"

ಅಯ್ಯೋ, ಎಲ್ಲವನ್ನೂ ಅಳೆದವನ ಕಣ್ಣಿಗೆ ಇದೊಂದು ಬೀಳಲಿಲ್ಲವಲ್ಲ! ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತು. ಕೊಟ್ಟ ಮಾತು ಉಳಿಸಿಕೊಳ್ಳಲು ಡ್ರೈವರಿಗೆ ಒಂದು ಕೈಸನ್ನೆ ಮಾಡಿದರೆ ಸಾಕಿತ್ತು. ಆದರೆ ಎಂಜಿನಿಯರ್ ಎಂಜಿನ್ ಆರಿಸಲು ಹೇಳಿದ. ದಾರಿಗೆಂದು ತಂದಿದ್ದ ರೋಲರ್ ಕರೆಸಿ, ಊರವರು ತೋರಿಸಿದ ಬೀಳುನೆಲವನ್ನು ನೀರು ಹಾಕಿಸಿ ಗಟ್ಟಿಮಾಡಿಸಿದ. ಹೆಂಗಸರು ಸಗಣಿ ಸಾರಿಸಿದರು. ಕಣ ಒಣಗಲು ಶನಿವಾರವೆಲ್ಲ ಹಿಡಿಯಿತು. ಭಾನುವಾರ ಊರಿಗೆ ಊರೇ ಹುರುಳಿಯನ್ನು ಹೊತ್ತು ಕಣಕ್ಕೆ ಹಾಕಿತು, ಅವನೂ ಹೊತ್ತ. ಆಮೇಲೆ ಟ್ರೈಲರ್ ಹೊರಟಿತು.

ಮೇಲಿನವರು ಅವನ ಮಾತಿನಂತೆಯೇ ಅವನನ್ನು ಮನೆಗೆ ಕಳಿಸಿದರು. ಜೀಪೂ ಕೊಡಲಿಲ್ಲ. ಬಸ್ಸು ಹಿಡಿಯಲು ಅದೇ ರಸ್ತೆಯಲ್ಲಿ ನಡೆದು ಬಂದ. ಕಣದಲ್ಲಿದ್ದವರೆಲ್ಲ ಎದ್ದು ನಿಂತರು. ಆ ಹೆಂಗಸು ರಾಶಿಯ ಮೊದಲ ಮೊರವನ್ನು ಅವನ ಚೀಲಕ್ಕೆ ಸುರಿದಳು.

"ಪಾಪ, ಕೆಲಸವೇ ಹೋಯಿತಲ್ಲ ಗುರುಗಳೇ! ಇನ್ನು ಹೆಮ್ಮೆಪಡಲು ಏನು ಉಳಿಯಿತು?" ಎಂದ ಶಿಷ್ಯ.

ಗುರುಗಳು ನಕ್ಕರು. "ಶುಕ್ರವಾರವೇ ತಲುಪಿಸಿದ್ದರೆ, ಅವನು ಯಾವ ದಾರಿಯಲ್ಲಿ ತಲೆಯೆತ್ತಿ ವಾಪಸ್ ಬರುತ್ತಿದ್ದ, ನೀನೇ ಹೇಳು."