ಅವ್ವನ ಕಣ್ಣು, ಮಗನ ಬಕೆಟ್ಟು

ಕೇಳ್ರಪ್ಪಾ, ನಗು ಬಂದರೆ ನಗ್ರಿ. ಆದರೆ ನಮ್ಮ ತಿರಕಪ್ಪನನ್ನು ಬರೀ ಪೆದ್ದ ಅಂದುಬಿಟ್ಟೀರಿ ಮತ್ತೆ! ಕೌದಿ ಹೊಲಿಯುವ ಹೊಳೆವ್ವನಿಗೆ ಅವನೊಬ್ಬನೇ ಮಗ. ಆಳು ನೋಡಿದರೆ ಬಾಗಿಲ ತುಂಬ, ಬುದ್ಧಿ ನೋಡಿದರೆ ತೊಟ್ಟಿಲ ಕೂಸಿನದು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು.

ಹೊಳೆವ್ವನ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲು ಆಗದು. ಸೂಜಿ ಕೌದಿಗಿಂತ ಬೆರಳಿಗೇ ಹೆಚ್ಚು ಚುಚ್ಚತೊಡಗಿತು. ಎರಡು ವರ್ಷದಿಂದ ಮಗನ ಮುಖವೂ ಮಂಜು ಮಂಜು.

"ತಿರಕಾ, ಪ್ಯಾಟಿ ಕಣ್ಣಿನ ಡಾಕ್ಟರ ಹತ್ರ ಕರಕೊಂಡು ಹೋಗೋ. ಕೈ ಹಿಡ್ಕೋ. ದಾರ್ಯಾಗ ಕಲ್ಲಿದ್ದರ ಹೇಳು."

"ಆತವ್ವಾ!"

ಹೊರಟರು. "ಅವ್ವಾ, ಕಲ್ಲು! ಅವ್ವಾ, ಇನ್ನೊಂದು ಕಲ್ಲು! ಅವ್ವಾ, ಆ ಹೊಲದಾಗ ಹದಿನೇಳು ಕಲ್ಲು!" ಒಂದೊಂದು ಕಲ್ಲಿಗೂ ನಿಂತು ನಿಂತು ಬಸ್ಸು ತಪ್ಪಿತು. ನಡೆದೇ ಹೋಗಬೇಕಾಯಿತು.

"ಊರಾಗಿನ ಕಲ್ಲೆಲ್ಲಾ ಹೇಳಂದಿದ್ನೇನೋ! ನಿನ್ನ ಮಾರಿ ನೋಡಿದರ ನನ್ನ ಕಣ್ಣಾಗ ನೀರು ಬರ್ತಾವ! ಸಣ್ಣದು ಬಿಡು, ದೊಡ್ಡದಿದ್ದರ ಅಷ್ಟ ಹೇಳು!"

"ಆತವ್ವಾ!"

ಸ್ವಲ್ಪ ದೂರ ಹೋದರು. "ಅವ್ವಾ, ಗುಡ್ಡ! ಅಕಾ ಅಲ್ಲಿ, ಭಾಳ ದೊಡ್ಡದು!" ಹೊಳೆವ್ವ ಆ ಕಡೆ ತಿರುಗಿದಳು, ಕಾಲು ತಗ್ಗಿಗೆ ಬಿತ್ತು. ತಗ್ಗು ಸಣ್ಣದು ನೋಡಿ, ಅವನು ಹೇಳಿರಲಿಲ್ಲ.

"ಅಯ್ಯಯ್ಯೋ, ನನ್ನ ಸೊಂಟ! ನಿನ್ನ ಮಾರಿ ನೋಡಿದರ ನನ್ನ ಕಣ್ಣಾಗ ನೀರು ಬರ್ತಾವ! ಬಾಯಿ ಮುಚ್ಚು! ಇನ್ನ ಏನರ ಅಡ್ಡ ಬಂದರ ಮಾತಾಡಬ್ಯಾಡ, ನನ್ನ ಎತ್ತಿ ಆ ಕಡೆ ಇಡು!"

"ಆತವ್ವಾ!"

ಆಸ್ಪತ್ರೆ ಬಂತು. ಡಾಕ್ಟರ ಮುಂದೆ ಅಡ್ಡ ಏನಿತ್ತು? ಮೇಜು! ತಿರಕಪ್ಪ ತುಟಿ ಬಿಚ್ಚಲಿಲ್ಲ. ಅವ್ವನನ್ನು ಎತ್ತಿದ, ಆ ಕಡೆ ಇಟ್ಟ. ಅವ್ವ ಡಾಕ್ಟರ ತೊಡೆಯ ಮೇಲೆ!

ಪುಣ್ಯಕ್ಕೆ ಡಾಕ್ಟರು ನಗುವ ಮನುಷ್ಯ. ಅವಳನ್ನು ಕುರ್ಚಿಗೆ ಕೂರಿಸಿ ಬೆಳಕು ಬಿಟ್ಟು ನೋಡಿದರು. "ಪೊರೆ ಬಲಿತಿದೆ ತಾಯಿ. ಮೊದಲೇ ಬರಬೇಕಿತ್ತು. ಹೆದರಬೇಡಿ, ಆಪರೇಷನ್ ಮಾಡಿದರೆ ಕಾಣುತ್ತೆ."

"ಮೊದಲ ಬರಾಕ ಕೈ ಹಿಡಿಯಾಂವ ಇಂವ ನೋಡ್ರಿ!" ಅಂದಳು ಹೊಳೆವ್ವ. "ತಿರಕಾ, ಇನ್ನ ನನ್ನ ಮಾತು ಕೇಳಬ್ಯಾಡ. ಡಾಕ್ಟರು ಹೇಳಿದಷ್ಟ ಮಾಡು!"

"ಆತವ್ವಾ!"

ಆಪರೇಷನ್ ಆಯಿತು, ಕಣ್ಣಿಗೆ ಪಟ್ಟಿ ಬಿತ್ತು. ಡಾಕ್ಟರು ತಿರಕಪ್ಪನನ್ನು ಕರೆದರು. "ನಾಳೆ ಪಟ್ಟಿ ಬಿಚ್ಚುತ್ತೀನಿ. ಆಮೇಲೆ ಒಂದು ತಿಂಗಳು ಹೊಗೆ ಬೇಡ, ಧೂಳು ಬೇಡ, ಕಣ್ಣು ಉಜ್ಜೋದು ಬೇಡ. ಕಣ್ಣಲ್ಲಿ ನೀರು ತರಿಸೋ ಯಾವುದನ್ನೂ ಹತ್ತಿರ ಬಿಡಬೇಡ."

ಬೆಳಗಾಯಿತು. ಕಸ ಗುಡಿಸುವವಳು ಬಂದಳು, ಧೂಳು! ಪೊರಕೆ ಕಿಟಕಿಯಿಂದ ಆಚೆ. ಪಕ್ಕದ ಮಂಚದವರು ಉಳ್ಳಾಗಡ್ಡಿ ಹೆಚ್ಚಿದರು, ನೀರು! ಉಳ್ಳಾಗಡ್ಡಿಯೂ ಆಚೆ. ಯಾರೋ ಮುದುಕಿ ಅಳುತ್ತಾ ಬಂದಳು, ಅವಳನ್ನು ಎತ್ತಿ ಓಣಿಯಲ್ಲಿ ಇಟ್ಟು ಬಂದ. ಆಮೇಲೆ ಕೂತು ಯೋಚನೆ ಮಾಡಿದ. ಅವ್ವನ ಕಣ್ಣಲ್ಲಿ ನೀರು ತರಿಸುವುದು ಇನ್ನೂ ಒಂದು ಉಳಿದಿತ್ತಲ್ಲ!

ಡಾಕ್ಟರು ಬಂದು ಪಟ್ಟಿ ಬಿಚ್ಚಿದರು. ಹೊಳೆವ್ವನಿಗೆ ಕಿಟಕಿ ಕಂಡಿತು, ಕಿಟಕಿಯ ಸರಳು ಕಂಡಿತು, ಸರಳಿನ ಮೇಲಿನ ಇರುವೆಯೂ ಕಂಡಿತು. ಅವಳಿಗೆ ಬೇಕಾದದ್ದು ಅದ್ಯಾವುದೂ ಅಲ್ಲ.

"ನನ್ನ ಮಗ ಎಲ್ಲ್ಯದಾನ?"

ಮೂಲೆಯಲ್ಲೊಬ್ಬ ನಿಂತಿದ್ದ. ಭುಜದವರೆಗೆ ಮನುಷ್ಯ, ಭುಜದ ಮೇಲೆ ಬಕೆಟ್ಟು!

"ಇಲ್ಲೇ ಅದೀನವ್ವಾ," ಅಂದಿತು ಬಕೆಟ್ಟು.

"ಇದೇನೋ ತಿರಕಾ!"

"ನನ್ನ ಮಾರಿ ನೋಡಿದರ ನಿನ್ನ ಕಣ್ಣಾಗ ನೀರು ಬರ್ತಾವಂತ ನೀನ ಹೇಳೀಯಲ್ಲವ್ವಾ. ನೀರು ಬರಬಾರದಂತ, ಒಂದು ತಿಂಗಳು."

ಹೊಳೆವ್ವ ಎದ್ದು ಹೋಗಿ ಬಕೆಟ್ಟು ಎತ್ತಿದಳು. ಎರಡು ವರ್ಷದಲ್ಲಿ ಮಗನ ಮೀಸೆಯಲ್ಲೊಂದು ಬಿಳಿ ಕೂದಲು ಬಂದಿತ್ತು. ಕೆನ್ನೆ ಒಳಗೆ ಹೋಗಿತ್ತು. ಅವ್ವನಿಗೆ ಕಾಣದಿದ್ದಾಗ ಇವನಿಗೆ ಹೊಟ್ಟೆ ತುಂಬ ಬಡಿಸಿದವರು ಯಾರು? ನೀರು ಬಂದೇ ಬಂತು.

"ಡಾಕ್ಟರ್ರ, ನೀರು ಬಂದುವ್ರೀ!" ತಿರಕಪ್ಪ ಗಾಬರಿಯಾಗಿ ಬಕೆಟ್ಟು ಕಸಿದು ಮತ್ತೆ ಹಾಕಿಕೊಂಡ. ಅವ್ವ ಬೇಡಿದಳು, ಡಾಕ್ಟರು ಗದರಿದರು. ಊಹೂಂ! ಒಂದು ತಿಂಗಳೆಂದರೆ ಒಂದು ತಿಂಗಳು. ಕೊನೆಗೆ ಡಾಕ್ಟರು ಬಕೆಟ್ಟಿನ ಆಸೆ ಬಿಟ್ಟರು.

ಕರಿ ಕನ್ನಡಕ ಹಾಕಿಕೊಂಡು ಹೊಳೆವ್ವ ಮಗನ ಕೈ ಹಿಡಿದಳು. ಊರ ದಾರಿ ಹಿಡಿದರು.

"ತಿರಕಾ, ಕಲ್ಲು ನೋಡಪಾ. ಇಲ್ಲೊಂದು ಸಣ್ಣ ಕಲ್ಲು. ಇಲ್ಲಿನ್ನೊಂದು."

ಊರು ಮುಟ್ಟುವವರೆಗೂ ಅವಳು ಒಂದು ಕಲ್ಲನ್ನೂ ಬಿಡಲಿಲ್ಲ. ಬಸ್ಸು ಅವತ್ತೂ ತಪ್ಪಿತು.