ಎಲ್ಲ ಕಾಗದವೂ ಇದ್ದ ಕೆಂಚ

ಕಣ್ಣು ಕಾಣದವರಿಗೆ ದಾರಿ ತೋರಿಸುವ ಕೆಂಚ ಎಂಬ ನಾಯಿ, ಮೊದಲ ಸಲ ವಿಮಾನ ಹತ್ತುವ ಸಂಭ್ರಮದಲ್ಲಿ ಕಾಗದದ ಚೀಲ ಕಚ್ಚಿಕೊಂಡು ನಿಲ್ದಾಣದ ಬಾಗಿಲಿಗೆ ಓಡಿಬಂತು.

"ನಿಲ್ಲು!" ಎಂದಿತು ಕಾವಲಿನ ಪೊಲೀಸ್ ನಾಯಿ. "ಚುಚ್ಚುಮದ್ದಿನ ಚೀಟಿ?"

"ಇದೆ ಸ್ವಾಮಿ!"

"ತರಬೇತಿಯ ಪ್ರಮಾಣಪತ್ರ?"

"ಮೊಹರಿನ ಸಮೇತ ಇದೆ! ಮೇಲೆ ಹೋದಮೇಲೆ ಬೊಗಳುವುದಿಲ್ಲ, ಕಾಲೆತ್ತುವುದಿಲ್ಲ ಅಂತ ಮುಚ್ಚಳಿಕೆಯೂ ಇದೆ! ಬೇಗ ಬಿಡಿ, ವಿಮಾನ ಹಾರಿಬಿಟ್ಟೀತು!"

ಪೊಲೀಸ್ ನಾಯಿ ಪ್ರತಿಯೊಂದನ್ನೂ ಮೂಸಿ ನೋಡಿತು. "ಭೇಷ್! ಒಂದೂ ತಪ್ಪಿಲ್ಲ. ಸರಿ, ನೀನು ಕರೆದುಕೊಂಡು ಹೋಗಬೇಕಾದವರು ಎಲ್ಲಿ?"

ಆಡುತ್ತಿದ್ದ ಕೆಂಚನ ಬಾಲ ನಿಂತುಹೋಯಿತು. ದೂರದಲ್ಲಿ, ಟ್ಯಾಕ್ಸಿಯಿಂದ ಇಳಿದ ಜಾಗದಲ್ಲೇ ನಿಂತು, ಅನಸೂಯಮ್ಮ ಗಾಳಿಯಲ್ಲಿ ಕೈಯಾಡಿಸುತ್ತ ಕರೆಯುತ್ತಿದ್ದರು: "ಕೆಂಚಾ, ಎಲ್ಲಿದ್ದೀಯೋ? ಯಾವ ಕಡೆ ಹೆಜ್ಜೆ ಇಡಲಿ?"